ಕೊಡಗಿನ ಮತ ಯಾವ ಕಾಲಂನಲ್ಲಿದೆ? ಫಲಿತಾಂಶದ ಹಾಳೆ ಓದುವ ಬಗೆ

ಎಣಿಕೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಯಾರು ಗೆದ್ದರು, ಎಷ್ಟು ಲೀಡ್ ಎಂಬುದು ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಕೊಡಗಿನ ಮಟ್ಟಿಗೆ ಆ ಎರಡು ಸಂಖ್ಯೆಗಳಿಂದ ತಿಳಿಯುವುದು ಬಹಳ ಕಡಿಮೆ. ಲೋಕಸಭೆಗೆ ಈ ಜಿಲ್ಲೆ ಮೈಸೂರಿನ ಜೊತೆ. ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗದ ಜೊತೆ. ವಕೀಲರ ಪರಿಷತ್ತಿಗೆ ಇಡೀ ರಾಜ್ಯದ ಜೊತೆ. ಒಂದೊಂದು ಚುನಾವಣೆಗೂ ಹಾಳೆ ಬೇರೆ, ಲೆಕ್ಕ ಬೇರೆ. ಕೆಲವು ಲೆಕ್ಕಗಳಲ್ಲಿ ಕೊಡಗಿನ ಪಾಲನ್ನು ಬೇರ್ಪಡಿಸಬಹುದು, ಕೆಲವದರಲ್ಲಿ ಏನು ಮಾಡಿದರೂ ಆಗುವುದಿಲ್ಲ. ಯಾವುದರಲ್ಲಿ ಆಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಲೋಕಸಭೆ: ನಮೂನೆ 20 ಹಿಡಿಯಿರಿ

ಮೈಸೂರು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಮಡಿಕೇರಿ (208), ವಿರಾಜಪೇಟೆ (209), ಪಿರಿಯಾಪಟ್ಟಣ (210), ಹುಣಸೂರು (212), ಚಾಮುಂಡೇಶ್ವರಿ (215), ಕೃಷ್ಣರಾಜ (216), ಚಾಮರಾಜ (217), ನರಸಿಂಹರಾಜ (218). ಕೊಡಗಿನವು ಮೊದಲ ಎರಡು. ಕ್ಷೇತ್ರ ಮರುವಿಂಗಡಣೆಯಾಗಿ ಈ ಜೋಡಣೆಯಲ್ಲಿ ಮೊದಲು ಮತದಾನ ನಡೆದದ್ದು 2009ರಲ್ಲಿ. ಅದಕ್ಕೂ ಮೊದಲು ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿತ್ತು, ಜಿಲ್ಲೆಯಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. 2004ರ ಮೈಸೂರು ಫಲಿತಾಂಶ ತೆಗೆದು ಕೊಡಗಿನ ಒಲವು ಹುಡುಕುವವರು ಈಗಲೂ ಇದ್ದಾರೆ. ಆ ಪುಟದಲ್ಲಿ ಕೊಡಗಿನ ಒಂದು ಮತವೂ ಇಲ್ಲ.

ಎಣಿಕೆಯ ದಿನ ಚುನಾವಣಾ ಆಯೋಗದ ಫಲಿತಾಂಶ ಪುಟದಲ್ಲಿ ಪ್ರತಿ ಅಭ್ಯರ್ಥಿಯ ಹೆಸರಿನ ಮುಂದೆ ಇವಿಎಂ ಮತ, ಅಂಚೆ ಮತ, ಒಟ್ಟು, ಶೇಕಡಾವಾರು ಎಂಬ ನಾಲ್ಕು ಅಂಕಿ ಕಾಣುತ್ತವೆ. ಅಲ್ಲಿನ ಶೇಕಡಾವಾರಿನಲ್ಲಿ ನೋಟಾ ಕೂಡ ಸೇರಿದೆ ಎಂಬುದನ್ನು ನೆನಪಿಡಿ. ಠೇವಣಿ ಉಳಿಯಿತೇ ಎಂದು ನೋಡುವಾಗ ಆ ಶೇಕಡಾ ಬಳಸಬಾರದು. ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಸಿಗಬೇಕು ಎಂಬುದು ನಿಯಮ, ಆ ಸಿಂಧು ಮತದಲ್ಲಿ ನೋಟಾ ಇರುವುದಿಲ್ಲ. ಲೋಕಸಭೆಗೆ ಠೇವಣಿ 25,000 ರೂಪಾಯಿ, ವಿಧಾನಸಭೆಗೆ 10,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ.

ಮತಗಟ್ಟೆವಾರು ವಿವರ ಬೇಕಿದ್ದರೆ ಸ್ವಲ್ಪ ಕಾಯಬೇಕು. ಅದು ಬರುವುದು ನಮೂನೆ 20ರಲ್ಲಿ, ಅಂದರೆ ಚುನಾವಣಾಧಿಕಾರಿ ಸಹಿ ಹಾಕುವ ಅಂತಿಮ ಫಲಿತಾಂಶದ ಹಾಳೆಯಲ್ಲಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಆ ವರ್ಷದ ಚುನಾವಣೆಯ ಹೆಸರಿನಡಿ ಕ್ಷೇತ್ರವಾರು ಪಿಡಿಎಫ್ ಹಾಕುತ್ತಾರೆ. ಒಂದು ಸಾಲಿನಲ್ಲಿ ಇರುವುದು ಇಷ್ಟು: ಮತಗಟ್ಟೆ ಸಂಖ್ಯೆ, ಅಭ್ಯರ್ಥಿಗೊಂದರಂತೆ ಕಾಲಂ, ಸಿಂಧು ಮತಗಳ ಮೊತ್ತ, ತಿರಸ್ಕೃತ, ನೋಟಾ, ಒಟ್ಟು, ಕೊನೆಗೆ ಟೆಂಡರ್ ಮತ. ಸಿಂಧು 604, ತಿರಸ್ಕೃತ 0, ನೋಟಾ 6, ಒಟ್ಟು 610, ಟೆಂಡರ್ 1 ಎಂದು ಒಂದು ಸಾಲು ಇದೆ ಎಂದುಕೊಳ್ಳಿ. 604ಕ್ಕೆ 6 ಸೇರಿದರೆ 610 ಆಗಬೇಕು, ಆಗಿದೆ. ಟೆಂಡರ್ ಮತದ ಆ 1 ಮಾತ್ರ ಎಲ್ಲಿಯೂ ಸೇರುವುದಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋದ ಮೇಲೆ ನೀವು ಬಂದು ನಿಮ್ಮ ಗುರುತು ಸಾಬೀತುಪಡಿಸಿದರೆ, ಕಾಗದದ ಮತಪತ್ರ ಕೊಟ್ಟು ಲಕೋಟೆಯಲ್ಲಿ ಮುಚ್ಚಿಡುತ್ತಾರೆ. ಎಣಿಕೆಯ ಮೇಜಿನಲ್ಲಿ ಅದನ್ನು ತೆರೆಯುವುದಿಲ್ಲ. ಒಂದೇ ಮತಗಟ್ಟೆಯಲ್ಲಿ ಆ ಕಾಲಂ 3, 4 ಎಂದು ಏರಿದ್ದರೆ ಅದು ಕೇಳಬೇಕಾದ ಪ್ರಶ್ನೆ.

ಪಿಡಿಎಫ್ ಎಷ್ಟೋ ಸಲ ಸ್ಕ್ಯಾನ್ ಮಾಡಿದ ಚಿತ್ರವಾಗಿರುತ್ತದೆ. ಸಂಖ್ಯೆಗಳನ್ನು ನಕಲು ಮಾಡಿ ಎಕ್ಸೆಲ್‌ಗೆ ಅಂಟಿಸಲಾಗುವುದಿಲ್ಲ, ಕೂತು ಟೈಪ್ ಮಾಡಬೇಕು. ಹಾಗೆ ಮಾಡುವಾಗ ಹಾಳೆಯ ಕೊನೆಗೆ ನಿಮ್ಮದೇ ಒಂದು ಕಾಲಂ ಸೇರಿಸಿ, ಅಭ್ಯರ್ಥಿಗಳ ಮತ ಕೂಡಿಸಿ ಮುದ್ರಿತ ಸಿಂಧು ಮೊತ್ತವನ್ನು ಕಳೆಯಿರಿ. ಸೊನ್ನೆ ಬರದ ಸಾಲಿನಲ್ಲಿ ಹೆಚ್ಚಿನ ಪಾಲು 3 ಮತ್ತು 8, 1 ಮತ್ತು 7, 0 ಮತ್ತು 6 ಅದಲುಬದಲಾಗಿರುತ್ತವೆ. ಪುಟದ ಕೊನೆಯ ಮೊತ್ತವನ್ನೂ ಇದೇ ರೀತಿ ತಾಳೆ ನೋಡಿ. ಎರಡೂ ಹೊಂದಿದ ಮೇಲೆಯೇ ಮುಂದಿನ ಪುಟ.

ಇನ್ನೊಂದು ಅಪಾಯ ಕಾಲಂಗಳ ಕ್ರಮ. ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ನಂತರ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು, ಒಂದೊಂದು ಗುಂಪಿನ ಒಳಗೆ ಅಭ್ಯರ್ಥಿಯ ಹೆಸರಿನ ಅಕ್ಷರಕ್ರಮ. ಅಭ್ಯರ್ಥಿ ಬದಲಾದರೆ ಪಕ್ಷದ ಕಾಲಂ ಕೂಡ ಜಾಗ ಬದಲಿಸುತ್ತದೆ. ಹಿಂದಿನ ಚುನಾವಣೆಯ ಹಾಳೆಯ ಪಕ್ಕಕ್ಕೆ ಈ ಸಲದ್ದನ್ನು ಹಾಗೇ ಅಂಟಿಸಿದರೆ ಒಂದು ಪಕ್ಷದ ಮತ ಇನ್ನೊಂದರ ಖಾತೆಗೆ ಬೀಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ನಮ್ಮ ಬೂತ್ ಕೈ ಕೊಟ್ಟಿತು’ ಪಟ್ಟಿಗಳಲ್ಲಿ ಇದು ಸಾಮಾನ್ಯ.

ಮತಗಟ್ಟೆ ಸಂಖ್ಯೆಯನ್ನೂ ಕುರುಡಾಗಿ ನಂಬಬೇಡಿ. ನಮೂನೆ 20ರಲ್ಲಿ ಊರಿನ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಅದೇ ಚುನಾವಣೆಯ ಮತಗಟ್ಟೆ ಪಟ್ಟಿಯನ್ನು ಬೇರೆಯಾಗಿ ಇಳಿಸಿಕೊಂಡು, ಶಾಲೆಯ ಹೆಸರು ಮತ್ತು ಕೊಠಡಿಯ ಜೊತೆ ಹೊಂದಿಸಬೇಕು. ಮತದಾರರು ಮಿತಿ ಮೀರಿದರೆ ಮತಗಟ್ಟೆ ಒಡೆದು 45ರ ಪಕ್ಕದಲ್ಲಿ 45ಎ ಹುಟ್ಟುತ್ತದೆ, ಮುಂದಿನ ಪರಿಷ್ಕರಣೆಯಲ್ಲಿ ಅದೇ 46 ಆಗಿ ಕೆಳಗಿನವೆಲ್ಲ ಒಂದೊಂದು ಜರುಗುತ್ತವೆ. ಆಯೋಗ 2025ರಲ್ಲಿ ಒಂದು ಮತಗಟ್ಟೆಯ ಮಿತಿಯನ್ನು 1,500ರಿಂದ 1,200ಕ್ಕೆ ಇಳಿಸಿದ್ದರಿಂದ ಮುಂದಿನ ಪಟ್ಟಿಗಳಲ್ಲಿ ಈ ಜರುಗಾಟ ಇನ್ನೂ ಹೆಚ್ಚು. ಹೋಲಿಕೆ ಮಾಡುವುದಿದ್ದರೆ ಕಟ್ಟಡದ ಹೆಸರಿನಿಂದ ಮಾಡಿ.

ತಾಲ್ಲೂಕುವಾರು ಲೆಕ್ಕ ಕೇಳುವವರಿಗೆ ಒಂದು ಮಾತು. ಕೊಡಗಿನಲ್ಲೀಗ ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆ, ಪೊನ್ನಂಪೇಟೆ ಎಂದು ಐದು ತಾಲ್ಲೂಕು, ಆದರೆ ಎರಡೇ ವಿಧಾನಸಭಾ ಕ್ಷೇತ್ರ. ಮಡಿಕೇರಿ ತಾಲ್ಲೂಕಿನ ಒಂದು ಭಾಗ ವಿರಾಜಪೇಟೆ ಕ್ಷೇತ್ರದಲ್ಲಿದೆ. ಕ್ಷೇತ್ರದ ಮೊತ್ತವನ್ನೇ ತಾಲ್ಲೂಕಿನದ್ದು ಎಂದು ಬರೆದರೆ ತಪ್ಪಾಗುತ್ತದೆ. ಮತಗಟ್ಟೆಗಳನ್ನು ಊರಿನ ಹೆಸರು ನೋಡಿ ಒಂದೊಂದಾಗಿ ಗುಂಪು ಮಾಡದೆ ಬೇರೆ ದಾರಿ ಇಲ್ಲ.

ಸೈನಿಕರ ಮತ ಎಲ್ಲಿ?

ಮನೆಗೊಬ್ಬರು ಸೇನೆಯಲ್ಲಿರುವ ಜಿಲ್ಲೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಸೇವಾ ಮತದಾರರಿಗೆ ಮತಪತ್ರ ವಿದ್ಯುನ್ಮಾನವಾಗಿ ಹೋಗುತ್ತದೆ. ಅವರು ಅದನ್ನು ಮುದ್ರಿಸಿ, ಗುರುತು ಹಾಕಿ, 13-ಎ ಘೋಷಣಾ ಪತ್ರದ ಜೊತೆ ಅಂಚೆಯಲ್ಲಿ ಕಳಿಸಬೇಕು. ಎಣಿಕೆ ಶುರುವಾಗುವ ಬೆಳಿಗ್ಗೆ 8 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಿರಬೇಕು. ತಡವಾಗಿ ಬಂದ ಲಕೋಟೆ ತೆರೆಯುವುದೇ ಇಲ್ಲ. ಸಮಯಕ್ಕೆ ಬಂದವೂ ಬಿದ್ದುಹೋಗುವುದು ಹೆಚ್ಚಾಗಿ ಘೋಷಣಾ ಪತ್ರದಿಂದ: ಸಹಿ ಇರುವುದಿಲ್ಲ, ಮೇಲಧಿಕಾರಿಯ ದೃಢೀಕರಣ ಇರುವುದಿಲ್ಲ, ಅಥವಾ ಪತ್ರ ತಪ್ಪಿ ಮತಪತ್ರದ ಒಳ ಲಕೋಟೆಯೊಳಗೆ ಸೇರಿರುತ್ತದೆ. ಮನೆಯಲ್ಲಿ ಸೇವಾ ಮತದಾರರಿದ್ದರೆ ಮತದಾನಕ್ಕೆ ಮುಂಚೆಯೇ ಈ ಮೂರನ್ನು ಫೋನಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ಹೆಚ್ಚಿನವರು ಗಮನಿಸದೆ ಹೋಗುವ ಸಂಗತಿ ಇದು: ವಿಧಾನಸಭೆ ಚುನಾವಣೆಯಲ್ಲಿ ಅಂಚೆ ಮತ ಆಯಾ ವಿಧಾನಸಭಾ ಕ್ಷೇತ್ರದಲ್ಲೇ ಎಣಿಕೆಯಾಗುತ್ತದೆ. ಲೋಕಸಭೆಯಲ್ಲಿ ಎಂಟೂ ಕ್ಷೇತ್ರಗಳ ಅಂಚೆ ಮತ ಲೋಕಸಭಾ ಚುನಾವಣಾಧಿಕಾರಿಯ ಮೇಜಿನಲ್ಲಿ ಒಟ್ಟಾಗಿ ಎಣಿಕೆಯಾಗುತ್ತದೆ. ನಮೂನೆ 20ರ ಎರಡನೇ ಭಾಗದಲ್ಲಿ ವಿಧಾನಸಭಾವಾರು ಮೊತ್ತಗಳ ಕೆಳಗೆ ಅಂಚೆ ಮತ ಒಂದೇ ಸಾಲಾಗಿ ಬರುತ್ತದೆ. ಅದರಲ್ಲಿ ಮಡಿಕೇರಿಯದೆಷ್ಟು, ವಿರಾಜಪೇಟೆಯದೆಷ್ಟು ಎಂದು ಯಾರೂ ಹೇಳಲಾರರು. ಮನೆಯಿಂದಲೇ ಮತ ಹಾಕಿದ ಹಿರಿಯರದ್ದೂ ಅದೇ ಸಾಲಿಗೆ ಹೋಗುತ್ತದೆ. ಈ ಸೌಲಭ್ಯಕ್ಕೆ 2023ರ ವಿಧಾನಸಭೆಯಲ್ಲಿ 80 ವರ್ಷ ಆಗಿರಬೇಕಿತ್ತು, 2024ರ ಲೋಕಸಭೆಗೆ ಅದನ್ನು 85ಕ್ಕೆ ಏರಿಸಿದರು. ಆದ್ದರಿಂದ 2023 ಮತ್ತು 2024ರ ‘ಕೊಡಗಿನ ಮತ’ ಹೋಲಿಸುವಾಗ ಎರಡೂ ಕಡೆ ಇವಿಎಂ ಮತ ಮಾತ್ರ ತೆಗೆದುಕೊಳ್ಳಿ. 2023ರಲ್ಲಿ ಅಂಚೆ ಸೇರಿಸಿ, 2024ರಲ್ಲಿ ಬಿಟ್ಟರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ವಾಲುತ್ತದೆ. ಜೊತೆಗೆ, 2023ರಲ್ಲಿ ಬೇರೆಬೇರೆ ನಿಂತಿದ್ದ ಬಿಜೆಪಿ ಮತ್ತು ಜೆಡಿಎಸ್ 2024ರಲ್ಲಿ ಮೈತ್ರಿಯಲ್ಲಿದ್ದವು. ಯಾವ ಕಾಲಂಗಳನ್ನು ಕೂಡಿಸಿ ಹೋಲಿಸಿದಿರಿ ಎಂಬುದನ್ನು ಹಾಳೆಯ ಮೇಲೆಯೇ ಬರೆದಿಡಿ.

ಅಂತರ ಹೆಚ್ಚಾದರೆ ಬಲ ಹೆಚ್ಚಿತು ಎಂದಲ್ಲ

ಮೈಸೂರು ಕ್ಷೇತ್ರದ ನಾಲ್ಕು ಫಲಿತಾಂಶ ನೋಡಿ. 2009ರಲ್ಲಿ ಕಾಂಗ್ರೆಸ್ಸಿನ ಎಚ್. ವಿಶ್ವನಾಥ್ 7,691 ಮತಗಳಿಂದ ಗೆದ್ದರು. 2014ರಲ್ಲಿ ಬಿಜೆಪಿಯ ಪ್ರತಾಪ ಸಿಂಹ 31,608, 2019ರಲ್ಲಿ ಅವರೇ 1,38,647, 2024ರಲ್ಲಿ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ 1,39,262. ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟರೆ ಅಂತರ 615 ಮತ ಏರಿದೆ. ಇಬ್ಬರು ಪ್ರಮುಖರ ಮತಗಳಿಂದ ಭಾಗಿಸಿ ನೋಡಿ. 2019ರಲ್ಲಿ 6,88,974 ಮತ್ತು 5,50,327 ಸೇರಿ 12,39,301, ಅಂತರ ಅದರ ಶೇ 11.2. 2024ರಲ್ಲಿ 7,95,503 ಮತ್ತು 6,56,241 ಸೇರಿ 14,51,744, ಅಂತರ ಶೇ 9.6. ಮತದಲ್ಲಿ ಏರಿದ ಅಂತರ ಪ್ರಮಾಣದಲ್ಲಿ ಇಳಿದಿದೆ. ‘ದಾಖಲೆ ಅಂತರ’ ಎಂಬ ತಲೆಬರಹ ಕಂಡಾಗಲೆಲ್ಲ ಈ ಭಾಗಾಕಾರ ಮಾಡಿ, ಅರ್ಧ ನಿಮಿಷದ ಕೆಲಸ.

ಸುತ್ತುಗಳ ಲೀಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು. 270 ಮತಗಟ್ಟೆ ಇದ್ದರೆ 20 ಸುತ್ತು, ಕೊನೆಯ ಸುತ್ತಿಗೆ ಉಳಿಯುವುದು 4 ಯಂತ್ರ. ಮತಗಟ್ಟೆಗಳು ಸಂಖ್ಯೆಯ ಕ್ರಮದಲ್ಲೇ ಮೇಜಿಗೆ ಬರುವುದರಿಂದ, ಮೊದಲ ಸುತ್ತಿನ ಲೀಡ್ ಎಂದರೆ ಒಂದು ಮೂಲೆಯ ಊರುಗಳ ಒಲವು ಅಷ್ಟೇ. 2023ರಲ್ಲಿ ಮಡಿಕೇರಿಯಲ್ಲಿ ಮಂತರ್ ಗೌಡ 4,402, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ 4,291 ಮತಗಳಿಂದ ಗೆದ್ದದ್ದು. ಇಷ್ಟು ಬಿಗಿಯಾದ ಕಡೆ ಹತ್ತನೇ ಸುತ್ತಿನಲ್ಲಿ ಪಟಾಕಿ ತರಿಸುವುದು ಆತುರ. ಕೊನೆಯ ಸುತ್ತು ಮುಗಿದ ಮೇಲೂ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಅದಾದ ಮೇಲೆ ಘೋಷಣೆ.

ಶಿಕ್ಷಕರ ಕ್ಷೇತ್ರ: ಮುಂದಿರುವವರು ಸೋಲಬಹುದು

ರಾಜ್ಯದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರದ್ದು, 7 ಪದವೀಧರರದ್ದು. ಕೊಡಗು ಸೇರುವುದು ನೈರುತ್ಯ ಕ್ಷೇತ್ರಗಳಿಗೆ. 2024ರ ಜೂನ್ 3ರಂದು ನಡೆದ ಮತದಾನದಲ್ಲಿ ಶಿಕ್ಷಕರ ಕ್ಷೇತ್ರದಿಂದ ಜೆಡಿಎಸ್‌ನ ಎಸ್.ಎಲ್. ಭೋಜೇಗೌಡ, ಪದವೀಧರರ ಕ್ಷೇತ್ರದಿಂದ ಬಿಜೆಪಿಯ ಡಾ. ಧನಂಜಯ ಸರ್ಜಿ ಆಯ್ಕೆಯಾದರು. ಶಾಲೆಯಲ್ಲಿ ಪಾಠ ಮಾಡುವವರೆಲ್ಲ ಇಲ್ಲಿ ಮತದಾರರಲ್ಲ: ಪ್ರೌಢಶಾಲೆ ಮತ್ತು ಮೇಲಿನ ಸಂಸ್ಥೆಗಳಲ್ಲಿ, ಹಿಂದಿನ ಆರು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿರಬೇಕು. ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ, ಟೀಚರಿಗೆ ಮತವಿಲ್ಲ. ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುವುದರಿಂದ ಕಳೆದ ಬಾರಿ ಹೆಸರಿತ್ತು ಎಂದು ಸುಮ್ಮನೆ ಕೂತರೆ ಈ ಬಾರಿ ಇರುವುದಿಲ್ಲ. ಶಿಕ್ಷಕರಿಗೆ ನಮೂನೆ 19, ಪದವೀಧರರಿಗೆ ನಮೂನೆ 18, ಅರ್ಹತೆಯ ದಿನಾಂಕ ನವೆಂಬರ್ 1.

ಇಲ್ಲಿ ಯಂತ್ರವಿಲ್ಲ, ನೋಟಾ ಇಲ್ಲ. ಕಾಗದದ ಮತಪತ್ರ, ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು, ಅದೂ ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ. ಕುಲಗೆಡುವುದು ಹೇಗೆ ಎಂಬುದನ್ನು ಎಣಿಕೆ ಏಜೆಂಟರು ಬಾಯಿಪಾಠ ಮಾಡಿರಬೇಕು. 1 ಎಂಬ ಅಂಕಿಯೇ ಇಲ್ಲದಿದ್ದರೆ, 1 ಇಬ್ಬರ ಮುಂದಿದ್ದರೆ, ಒಬ್ಬರ ಮುಂದೆಯೇ 1 ಮತ್ತು 2 ಎರಡೂ ಇದ್ದರೆ, ಸ್ವಂತ ಪೆನ್ನಿನಲ್ಲಿ ಬರೆದಿದ್ದರೆ, ಸಹಿ ಹಾಕಿದ್ದರೆ, ‘ಒಂದು’ ಎಂದು ಅಕ್ಷರದಲ್ಲಿ ಬರೆದಿದ್ದರೆ, ಅಂಕಿಯ ಬದಲು ಸರಿ ಗುರುತು ಹಾಕಿದ್ದರೆ ಮತ ಹೋಯಿತು. ಕನ್ನಡದ ೧, ೨ ಬರೆದರೆ ನಡೆಯುತ್ತದೆ. 1 ಮಾತ್ರ ಬರೆದು ಉಳಿದದ್ದು ಖಾಲಿ ಬಿಟ್ಟರೂ ಸಿಂಧು. ಓದಿದವರ ಕ್ಷೇತ್ರದಲ್ಲೇ ಕುಲಗೆಟ್ಟ ಮತಗಳ ಕಟ್ಟು ದಪ್ಪವಾಗಿರುತ್ತದೆ ಎಂಬುದು ಪ್ರತಿ ಸಲದ ನಗೆಪಾಟಲು.

ಮುಟ್ಟಿದ ಕೂಡಲೇ ಗೆಲುವು ಎನ್ನುವ ಮತಸಂಖ್ಯೆಯೇ ಕೋಟಾ. ಒಂದೇ ಸ್ಥಾನ ಇದ್ದಾಗ ಅದನ್ನು ತೆಗೆಯುವುದು ಹೀಗೆ: ಸಿಂಧು ಮತಗಳನ್ನು 2ರಿಂದ ಭಾಗಿಸಿ, ಶೇಷ ಬಿಟ್ಟು, 1 ಸೇರಿಸಿ. ಲೆಕ್ಕ ತಿಳಿಯಲು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಚಲಾವಣೆಯಾದದ್ದು 16,240, ಕುಲಗೆಟ್ಟದ್ದು 640, ಸಿಂಧು 15,600. ಕೋಟಾ 7,801. ಮೊದಲ ಪ್ರಾಶಸ್ತ್ಯದಲ್ಲಿ ಕ 6,900, ಖ 5,200, ಗ 2,600, ಘ 900. ಕ 1,700 ಮತ ಮುಂದಿದ್ದಾರೆ, ಟಿವಿಯಲ್ಲಿ ಬಹುತೇಕ ಗೆದ್ದಿದ್ದಾರೆ. ಆದರೆ ಕೋಟಾ ಮುಟ್ಟಿಲ್ಲ.

ಅತಿ ಕಡಿಮೆ ಇರುವ ಘ ಹೊರಗೆ. ಅವರ 900 ಪತ್ರಗಳಲ್ಲಿ 2 ಯಾರಿಗೆ ಎಂದು ನೋಡಿ ಹಂಚುತ್ತಾರೆ: ಕಗೆ 250, ಖಗೆ 300, ಗಗೆ 200. ಉಳಿದ 150ರಲ್ಲಿ ಎರಡನೇ ಪ್ರಾಶಸ್ತ್ಯವೇ ಇಲ್ಲ, ಅವು ಪಕ್ಕಕ್ಕೆ. ಈಗ ಕ 7,150, ಖ 5,500, ಗ 2,800. ಗ ಕೂಡ ಹೊರಗೆ, ಅವರ 2,800ರಲ್ಲಿ ಕಗೆ 400, ಖಗೆ 2,100, ಮುಂದಿನ ಪ್ರಾಶಸ್ತ್ಯ ಇಲ್ಲದವು 300. ಕ 7,550, ಖ 7,600. ಇಬ್ಬರಿಗೂ ಕೋಟಾ ಇಲ್ಲ. ಕಡಿಮೆ ಇರುವ ಕ ಹೊರಬಿದ್ದು, ಕಣದಲ್ಲಿ ಒಬ್ಬರೇ ಉಳಿದ ಕಾರಣ ಖ ಆಯ್ಕೆ. 7,801 ಮುಟ್ಟದೆಯೇ ಗೆಲುವು, ಅದೂ ಕ್ರಮಬದ್ಧವಾಗಿ. ತಾಳೆ ನೋಡಲು 7,550, 7,600 ಮತ್ತು ಪಕ್ಕಕ್ಕಿಟ್ಟ 450 ಕೂಡಿಸಿ: 15,600. ಪ್ರತಿ ಸುತ್ತಿನ ಕೊನೆಗೂ ಈ ಮೊತ್ತ ಬರಲೇಬೇಕು, ಬರದಿದ್ದರೆ ಒಂದು ಕಟ್ಟು ತಪ್ಪು ಗೂಡಿಗೆ ಹೋಗಿದೆ.

ಹಂಚುವಾಗ ಇನ್ನೊಂದು ಸೂಕ್ಷ್ಮವಿದೆ. ಗ ಹೊರಬಿದ್ದಾಗ ಅವರ ಪತ್ರದಲ್ಲಿ 2 ಎಂದು ಘ ಹೆಸರಿದ್ದರೆ, ಘ ಆಗಲೇ ಹೋಗಿಯಾಗಿದೆ, ಹಾಗಾಗಿ 3 ಯಾರಿಗೆ ಎಂದು ನೋಡಬೇಕು. ಮೇಜಿನಲ್ಲಿ ಗಡಿಬಿಡಿಯಾಗುವುದು ಇಲ್ಲೇ, ರಾತ್ರಿ ಎಲ್ಲರೂ ಸುಸ್ತಾದ ಹೊತ್ತಿನಲ್ಲಿ.

ಈ ಎಣಿಕೆಯಲ್ಲಿ ಕೊಡಗಿನ ಶಿಕ್ಷಕರು ಯಾರಿಗೆ ಹಾಕಿದರು ಎಂದು ಕೇಳಿದರೆ ಉತ್ತರವಿಲ್ಲ. ಪೆಟ್ಟಿಗೆಗಳಲ್ಲಿ ಇರಬೇಕಾದಷ್ಟು ಪತ್ರ ಇದೆಯೇ ಎಂದು ಮೊದಲು ನೋಡಿ, ನಂತರ ಎಲ್ಲ ಜಿಲ್ಲೆಯವನ್ನೂ ಬೆರೆಸಿ ಎಣಿಸುತ್ತಾರೆ. ‘ಕೊಡಗಿನಲ್ಲಿ ನಮಗೆ ಇಷ್ಟು ಲೀಡ್’ ಎಂದು ಶಿಕ್ಷಕರ ಕ್ಷೇತ್ರದ ಬಗ್ಗೆ ಯಾರಾದರೂ ಅಂಕಿ ಸಮೇತ ಹೇಳಿದರೆ ಅದು ಅಂದಾಜು.

ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಮಾತ್ರ ಪೂರ್ತಿ ಕೊಡಗಿನದ್ದೇ. ಪಂಚಾಯ್ತಿ, ಪಟ್ಟಣ ಸಂಸ್ಥೆಗಳ ಸದಸ್ಯರು ಮತದಾರರು. 2021ರ ಡಿಸೆಂಬರ್‌ನಲ್ಲಿ ಬಿಜೆಪಿಯ ಸುಜಾ ಕುಶಾಲಪ್ಪ 705, ಕಾಂಗ್ರೆಸ್ಸಿನ ಮಂತರ್ ಗೌಡ 603 ಮತ ಪಡೆದರು, ಅಂತರ 102. ಲೆಕ್ಕ ಅದೇ ಪ್ರಾಶಸ್ತ್ಯದ್ದು: 1,308ರ ಅರ್ಧ 654, 1 ಸೇರಿಸಿದರೆ 655. 705 ಅದನ್ನು ದಾಟಿದ್ದರಿಂದ ಮೊದಲ ಎಣಿಕೆಗೇ ಮುಗಿಯಿತು.

ನ್ಯಾಯಾಂಗದ ಕಡೆ

ನ್ಯಾಯಾಧೀಶರನ್ನು ನಮ್ಮಲ್ಲಿ ಮತ ಹಾಕಿ ಆರಿಸುವುದಿಲ್ಲ. ಚುನಾವಣೆ ಇರುವುದು ವಕೀಲರದ್ದು. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ 25 ಸ್ಥಾನ, ರಾಜ್ಯದ ನೋಂದಾಯಿತ ವಕೀಲರೆಲ್ಲ ಒಂದೇ ಕ್ಷೇತ್ರ. ಜಿಲ್ಲೆಗೊಂದು ಸ್ಥಾನ ಎಂಬುದಿಲ್ಲ. ಕೋಟಾ ಇಲ್ಲಿ ಬಹಳ ಕೆಳಗಿರುತ್ತದೆ: ಸಿಂಧು ಮತಗಳನ್ನು 26ರಿಂದ ಭಾಗಿಸಿ 1 ಸೇರಿಸಬೇಕು. 40,000 ಸಿಂಧು ಮತ ಎಂದುಕೊಂಡರೆ 1,539 ಸಾಕು. ಕೊಡಗಿನಂಥ ಸಣ್ಣ ಜಿಲ್ಲೆಯ ವಕೀಲರು ಒಬ್ಬರೇ ಅಭ್ಯರ್ಥಿಗೆ 1 ಕೊಟ್ಟರೂ ಅಲ್ಲಿಗೆ ತಲುಪುವುದಿಲ್ಲ. ಹೊರ ಜಿಲ್ಲೆಗಳ ಪತ್ರಗಳಲ್ಲಿ 2, 3 ಎಷ್ಟು ಸಿಕ್ಕಿತು ಎಂಬುದೇ ನಿರ್ಣಾಯಕ. ಇಲ್ಲಿ ಸೋತವರ ಪತ್ರಗಳ ಜೊತೆಗೆ ಗೆದ್ದವರ ಕೋಟಾ ಮೀರಿದ ಹೆಚ್ಚುವರಿ ಮತವೂ ಮುಂದಕ್ಕೆ ಹೋಗುತ್ತದೆ. ಜೊತೆಗೆ, ಆಯ್ಕೆಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕನಿಷ್ಠ ಹತ್ತು ವರ್ಷದ ನೋಂದಣಿ ಇರಬೇಕು ಎಂಬ ಷರತ್ತು ಉಂಟು. ಸುತ್ತುಗಳು ದಿನಗಟ್ಟಲೆ ಎಳೆಯುತ್ತವೆ, ಮಧ್ಯದ ಯಾವುದೋ ಸುತ್ತಿನ ಪಟ್ಟಿ ಹಿಡಿದು ಅಭಿನಂದನೆ ಹೇಳಬೇಡಿ.

ಲೆಕ್ಕ ಹೊಂದದಿದ್ದರೆ

ಮತಗಟ್ಟೆ ಮುಚ್ಚುವಾಗ ಹಾಜರಿದ್ದ ಏಜೆಂಟರಿಗೆ ನಮೂನೆ 17-ಸಿ ನಕಲು ಸಿಗುತ್ತದೆ. ಅದರಲ್ಲಿ ಯಂತ್ರದಲ್ಲಿ ದಾಖಲಾದ ಮತ ಇರುತ್ತದೆ. ಅದನ್ನು ನಮೂನೆ 20ರ ಒಟ್ಟಿನೊಂದಿಗೆ ಹೋಲಿಸಿ. ವ್ಯತ್ಯಾಸ ಬಂದರೆ ತಕ್ಷಣ ಮೋಸ ಎನ್ನಬೇಡಿ: ಬೆಳಿಗ್ಗೆಯ ಅಣಕು ಮತದಾನದ ಮತಗಳನ್ನು ಅಳಿಸಲು ಮರೆತ ಯಂತ್ರವನ್ನು ಎಣಿಕೆಯಲ್ಲಿ ಪಕ್ಕಕ್ಕಿಡುತ್ತಾರೆ, ಆ ಸಾಲು ಖಾಲಿಯೋ ಬೇರೆಯೋ ಕಾಣಬಹುದು. ಮರುಎಣಿಕೆ ಕೇಳುವುದಿದ್ದರೆ ಅಭ್ಯರ್ಥಿ ಅಥವಾ ಅವರ ಏಜೆಂಟ್ ಕೊನೆಯ ಮೊತ್ತ ಘೋಷಿಸಿದ ಮೇಲೆ, ಚುನಾವಣಾಧಿಕಾರಿ ನಮೂನೆ 20ಕ್ಕೆ ಸಹಿ ಹಾಕುವ ಮುನ್ನ, ಕಾರಣ ಸಮೇತ ಬರೆದುಕೊಡಬೇಕು. ಸಹಿಯಾದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಯಂತ್ರದ ಒಳಗಿನ ಚಿಪ್ಪಿನ (ಮೈಕ್ರೊಕಂಟ್ರೋಲರ್) ಪರಿಶೀಲನೆ ಬೇಕಿದ್ದರೆ ಎರಡನೇ ಅಥವಾ ಮೂರನೇ ಸ್ಥಾನದ ಅಭ್ಯರ್ಥಿ ಫಲಿತಾಂಶದ ಏಳು ದಿನದೊಳಗೆ ಅರ್ಜಿ ಹಾಕಬೇಕು, ವಿಧಾನಸಭಾ ಕ್ಷೇತ್ರಕ್ಕೆ ಶೇ 5ರಷ್ಟು ಯಂತ್ರಗಳಿಗೆ, ಖರ್ಚು ಅರ್ಜಿದಾರರದ್ದು. ತಕರಾರು ಅದನ್ನೂ ಮೀರಿದರೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ. ಅದನ್ನು ಆ ಕ್ಷೇತ್ರದ ಮತದಾರರೂ ಹಾಕಬಹುದು, ಗಡುವು ಫಲಿತಾಂಶ ಘೋಷಣೆಯಿಂದ 45 ದಿನ.